ಅಂಚು ನೋಡುತ್ತಿದ್ದವರು

ಅವರು ತೀರಿಕೊಂಡರೆಂದು ಅವರ ಮಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಅವರ ಬಲಗೈ ಹೆಬ್ಬೆರಳಿನ ಉಗುರು. ಉಳಿದ ಒಂಬತ್ತು ಉಗುರುಗಳನ್ನು ಒಪ್ಪವಾಗಿ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಚೂರು ಉದ್ದ ಬಿಟ್ಟಿದ್ದರು, ನಾಣ್ಯದ ಅಂಚು ಸವರಿ ನೋಡುವುದಕ್ಕೆ. ಆ ಉಗುರಿನಿಂದ ಅವರು ನನ್ನ ತವರನ್ನು ಎರಡು ಪಾಲು ಮಾಡಿದರು ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ತಪ್ಪು ಹೊರಿಸಲು ಒಂದು ಗಟ್ಟಿ ಹೆಗಲಿತ್ತು, ನೆಮ್ಮದಿಯಾಗಿದ್ದೆ. ಈಗ ಆ ಹೆಗಲೂ ಇಲ್ಲ.

ಅಮೆರಿಕದ ಮಾರಿಸ್‌ಟೌನ್‌ನಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲೇ ಅವರ ಮನೆ. ಬಾಗಲಕೋಟೆ ಕಡೆಯವರು. ನನಗಿಂತ ಇಪ್ಪತ್ತೈದು ವರ್ಷ ಮೊದಲು ಬಂದು ಒಂದು ಇನ್ಶೂರೆನ್ಸ್ ಕಂಪನಿಯ ಮೇನ್‌ಫ್ರೇಮ್ ಕಂಪ್ಯೂಟರಿನ ಮುಂದೆ ಕೂತವರು ಅಲ್ಲೇ ಹಣ್ಣಾಗಿದ್ದರು. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ತಪ್ಪು ಲೆಕ್ಕ ಹಾಕುತ್ತವೆ, ವೈಟುಕೆ ಬಂತೆಂದು ನಮ್ಮಂಥ ಹುಡುಗ ಹುಡುಗಿಯರನ್ನು ವಿಮಾನಗಟ್ಟಲೆ ತಂದಿಳಿಸುತ್ತಿದ್ದ ಕಾಲ ಅದು. ವರ್ಷಕ್ಕೆ ಎರಡೇ ಅಂಕಿ ಸಾಕು ಎಂದು ಪ್ರೋಗ್ರಾಮ್ ಬರೆದಿಟ್ಟವರಲ್ಲಿ ಅವರೂ ಒಬ್ಬರು, ಅದನ್ನು ನಾಲ್ಕು ಮಾಡಲು ಅದೇ ಆಫೀಸಿಗೆ ಬಂದವಳು ನಾನು. ಈ ಸಂಬಂಧದಿಂದ ಅವರು ನನ್ನನ್ನು ಮೊದಲ ದಿನವೇ ಏಕವಚನದಲ್ಲಿ ಕರೆದರು. ನಾನು ಎಲ್ಲರಂತೆ ಅಂಕಲ್ ಎಂದೆ.

ಅವರ ಶನಿವಾರದ ಪೂಜೆಯೆಂದರೆ ಬ್ಯಾಂಕಿಗೆ ಹೋಗುವುದು. ಕಾಗದದಲ್ಲಿ ಸುತ್ತಿದ ಅರ್ಧ ಡಾಲರ್ ನಾಣ್ಯಗಳ ರೋಲುಗಳನ್ನು ತಂದು, ಊಟದ ಟೇಬಲ್ಲಿನ ಮೇಲೆ ಬಿಡಿಸಿ, ಕಿಟಕಿಯ ಬೆಳಕಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಮುಖ ನೋಡಿದರೆ ಎಲ್ಲವೂ ಒಂದೇ. ಅಂಚಿನಲ್ಲಿ ಮಾತ್ರ ಭೇದ. ಅರವತ್ತನಾಲ್ಕರವರೆಗಿನದು ನೂರಕ್ಕೆ ತೊಂಬತ್ತು ಬೆಳ್ಳಿ, ಅದರ ಅಂಚು ಪೂರ್ತಿ ಬಿಳಿ. ಎಪ್ಪತ್ತೊಂದರಿಂದ ಈಚಿನ ಚಲಾವಣೆಯ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ, ಅಂಚಿನ ನಡುವೆ ತಾಮ್ರದ ಕೆಂಪು ಗೆರೆ ಎದ್ದು ಕಾಣುತ್ತದೆ. ನಡುವಿನ ಆರು ವರ್ಷದವು ನೂರಕ್ಕೆ ನಲವತ್ತು. ಅವುಗಳ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು ಮಂಕು. ಹೊಸಬರು ಮೋಸ ಹೋಗುವುದು ಅಲ್ಲೇ. ಆ್ಯಸಿಡ್ ಹಾಕಿ ನೋಡುವವರನ್ನು ಅವರು ಕುರುಡರು ಎನ್ನುತ್ತಿದ್ದರು. ಉಗುರು ಸವರಿ, ಅನುಮಾನ ಬಂದರೆ ಅಡುಗೆಮನೆಯ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ, ತೀರ್ಪು ಕೊಡುತ್ತಿದ್ದರು. ಒಂದೂ ತಪ್ಪಿದ್ದನ್ನು ನಾನು ಕಾಣೆ.

ಮನುಷ್ಯರಿಗೂ ಅವರ ಹತ್ತಿರ ಇದ್ದದ್ದು ಇವೇ ಮೂರು ಹೆಸರು, ತೊಂಬತ್ತು, ನಲವತ್ತು, ತಾಮ್ರ. ಆಫೀಸಿಗೆ ಹೊಸಬ ಯಾರಾದರೂ ಬಂದರೆ, ಸೀಕಾಕಸ್‌ನ ಯಾವುದೋ ಕನ್ಸಲ್ಟಿಂಗ್ ಕಂಪನಿ ರೆಸ್ಯೂಮೆಗೆ ನಾಲ್ಕು ವರ್ಷ ಸುಳ್ಳು ಅನುಭವ ಸೇರಿಸಿ ಕಳಿಸಿದ ಹುಡುಗನಾದರೆ, ಕ್ಯಾಂಟೀನಿನಲ್ಲಿ ಅವನ ಪಕ್ಕ ಕೂತು ನಗುನಗುತ್ತಾ ಎರಡು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಅವನಿಗೂ ಕೇಳುವ ಹಾಗೆ, ತಾಮ್ರ ಎನ್ನುತ್ತಿದ್ದರು. ತಾಮ್ರದ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. ತಾಮ್ರ ತನ್ನ ಗೆರೆ ತೋರಿಸಿಕೊಂಡೇ ಇರುತ್ತದೆ, ಪಾಪ ಎನ್ನುತ್ತಿದ್ದರು. ಅವರಿಗೆ ಆಗದಿದ್ದವರು ನಲವತ್ತರವರು. ತೊಂಬತ್ತು ಎಂದು ಅವರು ಯಾರನ್ನೂ ಕರೆದದ್ದು ನೆನಪಿಲ್ಲ. ಕೈಹಿಡಿದ ಹೆಂಡತಿಯನ್ನಂತೂ ಅಲ್ಲ. ಆಂಟಿ ಒಮ್ಮೆ ರೊಟ್ಟಿ ಬಡಿಯುತ್ತಾ ನನಗೆ ಹೇಳಿದ್ದರು, ಮದುವೆಯಲ್ಲಿ ತನ್ನ ಅಪ್ಪ ಕೊಟ್ಟ ಬೆಳ್ಳಿ ಬಟ್ಟಲನ್ನು ಈ ಮಹರಾಯರು ಹಸೆಮಣೆ ಮೇಲೆ ಕೂತೇ ಕೆರೆದು ನೋಡಿದ್ದರಂತೆ. ಬಟ್ಟಲು ಎಂಥದು ಬಂತು ಎಂದು ನಾನು ಕೇಳಿದೆ. ಆಂಟಿ ರೊಟ್ಟಿ ತಿರುವಿ ಹಾಕಿದರು.

ನನಗೆ ಇದೆಲ್ಲ ಬಹಳ ಹಿಡಿಸಿತ್ತು ಎಂಬುದನ್ನು ಮುಚ್ಚಿಡಲಾರೆ. ಕನ್ನಡದವರ ಮನೆಗಳಿಗೆ ಊಟಕ್ಕೆ ಹೋಗುವಾಗ ಅವರನ್ನು ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೋಗುತ್ತಿದ್ದೆ. ಆತಿಥೇಯರು ಊರಿನಿಂದ ತಂದ ಹಳೆಯ ರೂಪಾಯಿಗಳನ್ನು ತೋರಿಸುವ ಹಾಗೆ ಮಾತು ತಿರುಗಿಸುತ್ತಿದ್ದವಳೂ ನಾನೇ. ಒಂದು ಮನೆಯಲ್ಲಿ ವಯಸ್ಸಾದ ಗೃಹಿಣಿ ದೇವರ ಕಪಾಟಿನಿಂದ ಒಂದು ರೂಪಾಯಿ ತಂದು ಅವರ ಅಂಗೈಗೆ ಹಾಕಿದರು. ಅತ್ತೆ ಕೊಟ್ಟದ್ದು, ಇಪ್ಪತ್ತು ವರ್ಷದಿಂದ ಲಕ್ಷ್ಮಿಯೆಂದು ಕುಂಕುಮ ಏರಿಸುತ್ತಿದ್ದೇನೆ ಎಂದರು. ಹಿಂಬದಿಯಲ್ಲಿ ಹುಲಿಯ ಚಿತ್ರವಿದ್ದ ನಾಣ್ಯ ಅದು. ಬ್ರಿಟಿಷರು ಹೊರಡುವ ಹೊತ್ತಿಗೆ ಬೆಳ್ಳಿ ತೀರಿಹೋಗಿ ಬರೀ ನಿಕಲ್ಲಿನಲ್ಲಿ ಹೊಡೆಸಿದ್ದು. ಅಂಕಲ್ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಗಿದ್ದ ಆಯಸ್ಕಾಂತದ ಬೊಂಬೆಯನ್ನು ಕಿತ್ತು, ನಾಣ್ಯವನ್ನು ಅದಕ್ಕೆ ಕಚ್ಚಿಸಿ, ಪಿಜ್ಜಾ ಕೂಪನ್ನಿನ ಪಕ್ಕದಲ್ಲಿ ಲಕ್ಷ್ಮಿಯನ್ನು ಅಂಟಿಸಿ ಬಂದು ಕೂತರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆಕೆ ನಾಣ್ಯವನ್ನು ಬಿಡಿಸಿ ಸೆರಗಿನಲ್ಲಿ ಒರೆಸಿಕೊಂಡು, ನಮಗೆ ಬಡಿಸಲು ಬಂದರು.

ಅಂಕಲ್ ಮಗಳು ಆಗ ಹೈಸ್ಕೂಲು. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ, "ಡ್ಯಾಡ್, ದಟ್ ವಾಸ್ ಮೀನ್" ಎಂದಳು. ಅವರು ಕಿಟಕಿಯಾಚೆ ನೋಡುತ್ತಾ, "ನಾ ಏನ ಮಾಡಿದೆ? ಆಯಸ್ಕಾಂತ ಹೇಳ್ತು" ಎಂದರು.

ಇನ್ನು ನನ್ನ ಮನೆಯ ವಿಷಯ. ಆ ವರ್ಷ ಅವ್ವ ರಾಣೆಬೆನ್ನೂರಿನಿಂದ ಆರು ತಿಂಗಳಿಗೆಂದು ಬಂದಿದ್ದಳು. ಮೂರು ತಿಂಗಳು ನನ್ನ ಹತ್ತಿರ, ಮೂರು ತಿಂಗಳು ಹಿಕ್ಸ್‌ವಿಲ್‌ನಲ್ಲಿದ್ದ ಅಕ್ಕನ ಹತ್ತಿರ ಎಂದು ಮಾತಾಗಿತ್ತು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಪಿಯುಸಿಗೇ ಓದು ಬಿಡಿಸಿ ಮದುವೆ ಮಾಡಿದ್ದರು. ನನ್ನನ್ನು ಎಂಜಿನಿಯರಿಂಗ್ ಓದಿಸಿದರು. ಹಾಗಿದ್ದೂ ನಾನು ಅಮೆರಿಕಕ್ಕೆ ಬಂದಾಗ ಮೊದಲ ಪ್ರಾಜೆಕ್ಟ್ ಸಿಗುವವರೆಗೆ ಆರು ತಿಂಗಳು ತನ್ನ ಬೇಸ್‌ಮೆಂಟಿನಲ್ಲಿ ಇಟ್ಟುಕೊಂಡು, ಇಂಟರ್‌ವ್ಯೂಗೆ ಹೋಗುವ ನನ್ನ ಕೋಟನ್ನು ಇಸ್ತ್ರಿ ಮಾಡಿ ಕೊಟ್ಟು, ರೈಲಿಗೆ ಹತ್ತಿಸಿ ಬರುತ್ತಿದ್ದವಳು ಅವಳೇ. ಅವ್ವ ತನ್ನ ಮನೆಯಲ್ಲಿ ಮೂರು ತಿಂಗಳು ಇರುತ್ತಾಳೆ ಎಂದು ಅವಳು ಒಂದು ಕೋಣೆಗೆ ಹೊಸದಾಗಿ ಬಣ್ಣ ಹೊಡೆಸಿದ್ದಳು. ಬಿಸಿಲು ಬೀಳುವ ಕೋಣೆ ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಈ ದೇಶದಲ್ಲಿ ದೀಪಾವಳಿ ಯಾವ ವಾರ ಬಂದರೂ ಭಾನುವಾರವೇ ಬರುತ್ತದೆ. ನನ್ನ ಮನೆಯಲ್ಲಿ ಆ ಭಾನುವಾರ ಮಧ್ಯಾಹ್ನ ಲಕ್ಷ್ಮೀಪೂಜೆ ಮಾಡುವುದು, ಸಂಜೆಯ ರೈಲಿಗೆ ಅಕ್ಕ ಅವ್ವನನ್ನು ಕರೆದುಕೊಂಡು ಹೋಗುವುದು ಎಂದು ಗೊತ್ತಾಗಿತ್ತು. ಅವ್ವನ ಸೂಟ್‌ಕೇಸು ಬಾಗಿಲ ಹತ್ತಿರ ನಿಂತಿತ್ತು. ಅಂಕಲ್, ಆಂಟಿ, ಮಗಳು ಊಟಕ್ಕೆ ಬಂದಿದ್ದರು. ಭಾವನಿಗೆ ಡಾಟ್‌ಕಾಮ್ ಕಂಪನಿಯಲ್ಲಿ ಭಾನುವಾರವೂ ಕೆಲಸ, ಅವರು ಬರಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ತಾಯಿ ಮಗಳ ಉಡಿಗೆ ಬೆಳ್ಳಿ ರೂಪಾಯಿ ಹಾಕುತ್ತಾಳೆ. ಅಜ್ಜಿಯಿಂದ ಅವ್ವನಿಗೆ ಇಪ್ಪತ್ತೆರಡು ಬಂದಿದ್ದವು. ಅಕ್ಕನಿಗೆ ಹನ್ನೊಂದು, ನನಗೆ ಹನ್ನೊಂದು. ನನ್ನ ಮದುವೆ ಇನ್ನೂ ಆಗಿರಲಿಲ್ಲ, ಆದರೂ ಪರದೇಶಕ್ಕೆ ಹೊರಟಾಗಲೇ ಅವ್ವ ಕೊಟ್ಟುಬಿಟ್ಟಿದ್ದಳು. ಎಂದೋ ಒಡೆದುಹೋದ ಗಂಟು ಮತ್ತೆ ಒಂದಾಗಲಿ ಎಂದು ಆ ದಿನ ಅವ್ವನೇ ಎರಡನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಒಂದೇ ತಟ್ಟೆಯಲ್ಲಿ ಹರಡಿ, ಅರಿಶಿನ ಕುಂಕುಮ ಏರಿಸಿದಳು. ಪೂಜೆ ಮುಗಿಯಿತು, ಹೋಳಿಗೆ ಊಟವಾಯಿತು. ಅಕ್ಕ ಹೊರಡಲು ಎದ್ದಾಗ ತಟ್ಟೆ ನೋಡಿ ನಕ್ಕಳು. ಅರಿಶಿನ ಕುಂಕುಮ ಮೆತ್ತಿ ಯಾವುದು ಯಾರದೋ ತಿಳಿಯದಾಗಿತ್ತು. ಹನ್ನೊಂದು ಎಣಿಸಿ ಕೊಡು, ಯಾವುದಾದರೇನು ಎಂದಳು. ಅವ್ವ ಮಾತ್ರ ಹಾಗಲ್ಲ, ಅವರವರದು ಅವರವರಿಗೇ ಹೋಗಬೇಕು ಎಂದು ಹಟ ಹಿಡಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ತಟ್ಟೆಯನ್ನು ಮುಖದ ಹತ್ತಿರ ತಂದು ಪರದಾಡುತ್ತಿದ್ದಳು.

ಅಂಕಲ್ ಇದ್ದಾರಲ್ಲ ಎಂದವಳು ನಾನು. ಯಾರೂ ಕೇಳಿರಲಿಲ್ಲ. ಅವರ ಕೈಚಳಕವನ್ನು ಅವ್ವ ನೋಡಲಿ ಎಂಬ ಹುರುಪು ನನಗೆ.

ಅವರು ಟವೆಲ್ಲಿನಿಂದ ಕೈ ಒರೆಸಿಕೊಂಡು ಕೂತರು. ಮುಖಗಳನ್ನು ನೋಡಲೇ ಇಲ್ಲ. ಒಂದೊಂದನ್ನೇ ಎತ್ತಿ, ಹೆಬ್ಬೆರಳ ಉಗುರನ್ನು ಅಂಚಿನ ಸುತ್ತ ಒಂದು ಸುತ್ತು ಹಾಯಿಸಿ, ಎಡಕ್ಕೆ ಒಂದು, ಬಲಕ್ಕೆ ಒಂದು ಇಡುತ್ತಾ ಹೋದರು. ನೋಡುನೋಡುತ್ತಲೇ ಎರಡು ಗುಂಪಾದವು. ಎಣಿಸಿದರೆ ಅಲ್ಲಿ ಹನ್ನೊಂದು, ಇಲ್ಲಿ ಹನ್ನೊಂದು. ಎಡಗಡೆಯವು ರಾಣಿಯದು ಮತ್ತು ಗಡ್ಡದ ರಾಜರದು, ಮೂಗು ಕಿವಿಯೆಲ್ಲ ಸವೆದು ನುಣ್ಣಗಾದವು. ಬಲಗಡೆಯವು ಗಡ್ಡವಿಲ್ಲದ ಕೊನೆಯ ರಾಜನದು, ಕಿರೀಟದ ಗೆರೆ ಗೆರೆ ಕಾಣುವಂಥವು, ಥಳಥಳ ಹೊಳೆಯುವವು. ಅವ್ವ ಬಗ್ಗಿ ನೋಡಿ ಬಲಗಡೆಯವು ಸಣ್ಣಾಕಿಯವು ಎಂದು ನನ್ನ ಕಡೆ ಕೈ ತೋರಿಸಿದಳು. ನಾನು ಚಪ್ಪಾಳೆ ತಟ್ಟಿದೆ.

ಆಗ ಅಂಕಲ್ ಹೇಳಿದರು. ಎಡಗಡೆಯವುಗಳಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಬಲಗಡೆಯವು ಯುದ್ಧದ ಕಾಲದವು, ನಲವತ್ತನೇ ಇಸವಿಯಿಂದ ಈಚೆ, ಅರ್ಧ ಬೆಳ್ಳಿ, ಇನ್ನರ್ಧ ತಾಮ್ರ ನಿಕಲ್ಲು ಕಸಕಡ್ಡಿ. ಗಾತ್ರ ಒಂದೇ, ತೂಕ ಒಂದೇ. ಕಳ್ಳನಾಣ್ಯ ಹೊಡೆಯಬಾರದೆಂದು ಅರ್ಧ ಬೆಳ್ಳಿಯವಕ್ಕೆ ಅಂಚಿನ ನಡುವೆ ಒಂದು ಸಣ್ಣ ಹಳ್ಳ ತೋಡಿದ್ದಾರೆ, ಅದು ಉಗುರಿಗೆ ಸಿಗುತ್ತದೆ. ಇಷ್ಟು ಹೇಳಿ ಅವರು ಒಂದು ಲೋಟ ನೀರು ಕುಡಿದರು.

ನನಗೆ ಮುಖಕ್ಕೆ ರಕ್ತ ನುಗ್ಗಿತು. ಬೆಳ್ಳಿಯ ಆಸೆಯಲ್ಲ ಅದು. ಆ ವರ್ಷ ನನ್ನ ಸಂಬಳಕ್ಕೆ ಅಂಥ ನಾಣ್ಯ ಚೀಲಗಟ್ಟಲೆ ಬರುತ್ತಿತ್ತು. ಅವರೆದುರಿಗೆ ಸಣ್ಣವಳಾದೆನಲ್ಲ ಎಂಬ ಉರಿ. ಪಿಜ್ಜಾ ಕೂಪನ್ನಿನ ಪಕ್ಕದಲ್ಲಿ ಈಗ ನನ್ನನ್ನು ಅಂಟಿಸಿದ ಹಾಗಾಗಿತ್ತು.

"ಅವ್ವಾ, ನನಗ ಕಲಬೆರಕಿ ಆರಿಸಿ ಕೊಟ್ಟೇನು?" ಎಂದೆ.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಅಕ್ಕ ಅವಳ ಪರವಾಗಿ ಮಾತಾಡಲು ಬಂದಳು. ಅವ್ವನಿಗೆ ಏನು ತಿಳಿಯುತ್ತದೆ, ಕೈಗೆ ಬಂದದ್ದು ಕೊಟ್ಟಿರುತ್ತಾಳೆ, ಬೇಕಾದರೆ ಈಗಲೇ ಅರ್ಧರ್ಧ ಮಾಡಿಕೊಳ್ಳೋಣ ಎಂದಳು. ಮಾತು ಅಲ್ಲಿಗೇ ನಿಲ್ಲಬಹುದಾಗಿತ್ತು. ಸಣ್ಣ ಮಗಳಿಗೆ ಮೋಸ ಮಾಡಿದೆ ಎಂಬ ಅಪವಾದವನ್ನು ಹೊತ್ತುಕೊಂಡು ಸುಮ್ಮನಿರಲು ಅವ್ವ ತಯಾರಿದ್ದಳು. ಅಂಕಲ್ ಬಿಡಲಿಲ್ಲ. ಅವ್ವನ ಕಡೆ ತಿರುಗಿ, ಬಹಳ ಮೆತ್ತಗೆ, ಹಿರಿಯರಿಗೆ ಕೊಡುವ ಮರ್ಯಾದೆಯನ್ನೆಲ್ಲ ಕೊಟ್ಟು ಕೇಳಿದರು.

"ಆರಿಸಿದವರು ನೀವೇನ್ರಿ?"

"ಹೂನ್ರಿ."

"ಏನ ನೋಡಿ ಆರಿಸಿದ್ರಿ?"

ಅವ್ವ ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದವಳ ಹಾಗೆ ಹೇಳಿದಳು, "ಅವು ಮುಖ ಸವದಿದ್ದಿಲ್ರಿ. ಹೊಳೀತಿದ್ದೂ. ಸಣ್ಣಾಕಿಗೆ ಇರಲಿ ಅಂತ ಮೊದಲ ತಗದು ಇಟ್ಟಿದ್ದೆ."

ಮೊದಲು ಎಂದರೆ ಅಕ್ಕನ ಮದುವೆಗೆ ಮೊದಲು. ಆಗ ನನಗೆ ಹತ್ತು ವರ್ಷ. ಅಕ್ಕನ ಉಡಿಗೆ ಬಿದ್ದದ್ದು ಆರಿಸಿ ಉಳಿದವು.

ಅಂಕಲ್ ನನ್ನ ಕಡೆ ನೋಡಿ ನಕ್ಕರು. "ಕೇಳಿದೇನು? ನಿಮ್ಮವ್ವಾರು ನಿನಗ ಮೋಸ ಮಾಡಿಲ್ಲ. ನಿಮ್ಮಕ್ಕಗ ಮಾಡಾಕ ಹೋಗಿದ್ರು. ಬೆಳ್ಳಿ ಮೆತ್ತಗ, ಛಲೋದಿದ್ದಷ್ಟೂ ಸವೀತದ ಅನ್ನೂದು ಗೊತ್ತಿರಲಿಲ್ಲ, ಅಷ್ಟ."

"ಡ್ಯಾಡ್, ಸ್ಟಾಪ್ ಇಟ್" ಎಂದು ಮಗಳು ಎದ್ದು ಹೊರಗೆ ಹೋದಳು. ಆಂಟಿ ತಟ್ಟೆಗಳನ್ನು ಎತ್ತತೊಡಗಿದರು. ಅಂಕಲ್ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ತುಪ್ಪ ಕೇಳಿದರು. ಬಡಿಸಿದವಳು ಅವ್ವ.

ಅಕ್ಕ ತನ್ನ ಹನ್ನೊಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ. ಕೋಟು ಹಾಕಿಕೊಂಡು ಬಾಗಿಲಿಗೆ ಬಂದಾಗ ಅವ್ವ ಚಪ್ಪಲಿ ಮೆಟ್ಟಿ ಸೂಟ್‌ಕೇಸಿನ ಹಿಡಿ ಹಿಡಿದು ನಿಂತಿದ್ದಳು. ಅಕ್ಕ ಸೂಟ್‌ಕೇಸನ್ನು ನೋಡಿದಳು, ಅವ್ವನನ್ನು ನೋಡಲಿಲ್ಲ.

"ಅವ್ವ ಇಲ್ಲೇ ಇರಲಿ" ಎಂದಳು. "ಸಣ್ಣಾಕಿ ಹತ್ತಿರ."

ಆ ಸೂಟ್‌ಕೇಸು ಹಿಕ್ಸ್‌ವಿಲ್‌ಗೆ ಹೋಗಲೇ ಇಲ್ಲ. ಅವ್ವ ಎರಡು ವಾರ ಅದನ್ನು ಬಿಚ್ಚದೆ ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದಳು. ಬೇಕಾದ ಸೀರೆಯನ್ನು ಅದರಿಂದಲೇ ತೆಗೆದು ಅದರಲ್ಲೇ ಇಡುತ್ತಿದ್ದಳು. ಫೋನು ಬಂದರೆ ನನಗಿಂತ ಮೊದಲು ಓಡುತ್ತಿದ್ದಳು. ನಾನು ಅಕ್ಕನಿಗೆ ಒಮ್ಮೆಯಾದರೂ ಫೋನ್ ಮಾಡಿ ಬೇಡಿಕೊಳ್ಳಬಹುದಿತ್ತು. ಡಿಸೆಂಬರ್ ಹತ್ತಿರವಾಗಿತ್ತು, ಟೆಸ್ಟಿಂಗ್ ಕೊರಳಿಗೆ ಬಂದಿತ್ತು, ಬಿಡುವಿಲ್ಲ ಎಂದುಕೊಂಡೆ. ಟಿಕೆಟ್ಟಿನ ತಾರೀಕು ಬದಲಿಸಿಕೊಂಡು ಅವ್ವ ಕ್ರಿಸ್‌ಮಸ್ಸಿಗೆ ಮೊದಲೇ ಊರಿಗೆ ಹೋದಳು. ಬಿಸಿಲು ಬೀಳುವ ಕೋಣೆಯನ್ನು ಅವಳು ನೋಡಲಿಲ್ಲ. ಮೂರನೆಯ ವರ್ಷಕ್ಕೆ ತೀರಿಕೊಂಡಳು.

ಅವ್ವ ಊರಿಗೆ ಹೊರಟುಹೋದ ವಾರವೇ ಹಿಕ್ಸ್‌ವಿಲ್‌ನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಅದೇ ಕರ್ಚೀಫು, ಅದೇ ಹನ್ನೊಂದು ರೂಪಾಯಿ, ಒಂದು ಚೀಟಿ. "ಇವು ಬೆಳ್ಳಿಯವು, ನೀನು ಇಟ್ಟುಕೋ. ಅವ್ವ ಛಲೋವು ಅಂದುಕೊಂಡಿದ್ದ ಹನ್ನೊಂದು ನನಗೆ ಕಳಿಸು."

ಈ ಚೀಟಿಯನ್ನು ಅಂಕಲ್‌ಗೆ ತೋರಿಸುವ ಬುದ್ಧಿ ನನಗೆ ಯಾಕೆ ಬಂತೋ. ಅಕ್ಕನ ಹುಚ್ಚುತನಕ್ಕೆ ಇಬ್ಬರೂ ನಗೋಣ ಎಂದಿರಬೇಕು. ಅವರು ಚೀಟಿಯನ್ನು ಎರಡು ಸಲ ಓದಿ ಮಡಚಿ ನನ್ನ ಕೈಗೆ ಕೊಟ್ಟರು. ನಗಲಿಲ್ಲ. "ನಿಮ್ಮಕ್ಕ ನನಗಿಂತ ಛಲೋ ನೋಡ್ತಾಳ. ನಾಳೆನ ಕಳಿಸು" ಎಂದರು. ಅವರ ಬಾಯಲ್ಲಿ ಇನ್ನೊಬ್ಬರ ಬಗ್ಗೆ ಒಳ್ಳೆಯ ಮಾತು ಕೇಳಿದ್ದು ಅದೊಂದೇ ಸಲ. ಅದೂ ನನ್ನ ಬಗ್ಗೆಯಲ್ಲ.

ನಾನು ಕಳಿಸಲಿಲ್ಲ. ಅವ್ವನಿಗೆ ನಾನು ಹೆಚ್ಚಾಗಿದ್ದೆ ಎಂಬುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಆ ಹನ್ನೊಂದೇ. ಅದನ್ನು ಕೊಡಲು ಮನಸ್ಸು ಬರಲಿಲ್ಲ. ಹಾಗಾದರೆ ಅಕ್ಕನವನ್ನಾದರೂ ವಾಪಸು ಕಳಿಸಬೇಕಿತ್ತು. ಅದನ್ನೂ ಮಾಡಲಿಲ್ಲ, ಬೆಳ್ಳಿಯಲ್ಲವೇ. ಅಂಕಲ್ ಕಂಡಾಗಲೆಲ್ಲ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಲಿಫ್ಟಿನಲ್ಲಿ, ಕಳಿಸಿದೆಯಾ ಎಂದು ಕೇಳುತ್ತಿದ್ದರು. ಪೋಸ್ಟಾಫೀಸಿಗೆ ಹೋಗಬೇಕು, ಡಬ್ಬಿ ಸಿಗಲಿಲ್ಲ, ಇನ್ಶೂರ್ ಮಾಡಿಸಬೇಕು ಎಂದು ನಾನು ಏನಾದರೊಂದು ಹೇಳುತ್ತಿದ್ದೆ. ಅವ್ವ ಸತ್ತ ಸುದ್ದಿ ಹೇಳಲು ಹೋದಾಗಲೂ ಅವರು ಅದನ್ನೇ ಕೇಳಿದರು. ಕಳಿಸಿದೆ ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಒಳಗಿದ್ದ ಆಂಟಿಗೆ ಕೂಗಿ ಹೇಳಿದರು, "ನಲವತ್ತು ಬಂದಾಳ, ಚಾ ಇಡು."

ಆಮೇಲೆ ನಾನು ಆ ಮನೆಗೆ ಹೋಗುವುದನ್ನು ಬಿಟ್ಟೆ. ಕೆಟ್ಟ ನಾಲಿಗೆಯ ಮುದುಕ, ನನ್ನ ತವರನ್ನು ಒಡೆದವನು ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು, ಏಕೆಂದರೆ ಎಲ್ಲರಿಗೂ ಅವರ ಉಗುರು ತಾಗಿತ್ತು.

ಫ್ಯೂನರಲ್ ಹೋಮಿಗೆ ಹೆಚ್ಚು ಜನ ಬಂದಿರಲಿಲ್ಲ. ಅಲ್ಲಿ ಅಕ್ಕನನ್ನು ನೋಡಿ ಬೆಚ್ಚಿದೆ. ಈ ವರ್ಷಗಳಲ್ಲಿ ನಮ್ಮಿಬ್ಬರ ಮಾತು ಹುಟ್ಟುಹಬ್ಬದ ಫೋನುಗಳಿಗೆ ಇಳಿದಿತ್ತು. ಆಂಟಿ ವರ್ಷವರ್ಷವೂ ದೀಪಾವಳಿಗೆ ಅವಳಿಗೆ ಫೋನ್ ಮಾಡುತ್ತಿದ್ದರಂತೆ, ನನಗೆ ಗೊತ್ತಿರಲಿಲ್ಲ. ಆಂಟಿಗೆ ಮುಖ ತೋರಿಸಲು ಮೂರು ರೈಲು ಬದಲಿಸಿ ಬಂದಿದ್ದಳು. ಪೆಟ್ಟಿಗೆಯಲ್ಲಿ ಅಂಕಲ್ ಸೂಟು ಹಾಕಿಕೊಂಡು ಮಲಗಿದ್ದರು. ಸಿಂಗಾರ ಮಾಡಿದವರು ಅವರ ಕೈಬೆರಳುಗಳನ್ನು ಚೊಕ್ಕ ಮಾಡಿ ಆ ಉಗುರನ್ನೂ ಕತ್ತರಿಸಿಬಿಟ್ಟಿದ್ದರು. ನನಗೆ ಸಮಾಧಾನವಾಯಿತು. ಹೇಳಬಾರದು, ಆದರೆ ಆಯಿತು.

ಅಕ್ಕನ ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ಮನೆಗೆ ಕರೆದುಕೊಂಡು ಬಂದು ಚಹಾ ಮಾಡಿದೆ. ಅವಳು ಲೋಟ ಕೆಳಗಿಟ್ಟು, ಅವು ಇವೆಯೇ ಎಂದು ಕೇಳಿದಳು. ದೇವರ ಗೂಡಿನಿಂದ ಎರಡೂ ಡಬ್ಬಿ ತಂದು ಅವಳ ಮುಂದಿಟ್ಟೆ. ನಾಳೆ ಕಳಿಸುವವಳಿದ್ದೆ ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು.

ಅವಳು ಎರಡನ್ನೂ ಟೇಬಲ್ಲಿನ ಮೇಲೆ ಸುರಿದಳು. ಅಂಚು ಮುಟ್ಟಿ ನೋಡಲಿಲ್ಲ. ಹೊಳೆಯುವವನ್ನು ಒಂದೊಂದಾಗಿ ಎತ್ತಿ, ಮುಖವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿ ನೋಡಿದಳು. ಅವ್ವ ತಿಕ್ಕಿದ ಹುಣಸೆಹಣ್ಣಿನ ಕಪ್ಪು ಚೂರೊಂದು ಒಂದರ ಅಕ್ಷರದ ಸಂದಿಯಲ್ಲಿ ಇನ್ನೂ ಇತ್ತು. ಅದನ್ನು ಬಹಳ ಹೊತ್ತು ನೋಡಿದಳು. ನಂತರ ಆ ಹನ್ನೊಂದನ್ನೂ ಅವುಗಳ ಡಬ್ಬಿಗೆ, ಉಳಿದ ಹನ್ನೊಂದನ್ನು ಇನ್ನೊಂದಕ್ಕೆ ಹಾಕಿ ಎರಡರ ಮುಚ್ಚಳವನ್ನೂ ಒತ್ತಿದಳು.

"ತಗೊಂಡು ಹೋಗು" ಎಂದೆ. ನಿಜವಾಗಿಯೂ ಹಾಗೆ ಅನ್ನಿಸಿತ್ತು.

"ಬ್ಯಾಡ. ನಿನಗಂತನ ಆರಿಸಿದ್ದು" ಎಂದು ಕೋಟು ಹಾಕಿಕೊಂಡಳು.

ಸ್ಟೇಷನ್ನಿನಲ್ಲಿ ಅವಳನ್ನು ಇಳಿಸಿದೆ. ಅವಳು ಕೈಯೆತ್ತಿದಳು, ರೈಲು ಹೋಯಿತು. ಮನೆಗೆ ಬಂದು ಚಹಾದ ಲೋಟಗಳನ್ನು ಸಿಂಕಿಗೆ ಹಾಕುವ ಮೊದಲು ಡಬ್ಬಿಗಳನ್ನು ತೆರೆದು ಎಣಿಸಿದೆ. ಇಪ್ಪತ್ತೆರಡೂ ಇದ್ದವು.